ಕಾಕಾನ ಬಿಳಿ ಪಟಕ, ಲಕ್ಕುಂಡಿಯ ಕಪ್ಪು ಕಂಬ

ಕಾಕಾ ಅವರದ್ದು ಒಂದೂ ಒಳ್ಳೆ ಫೋಟೋ ಮನೆಯಲ್ಲಿ ಇರಲಿಲ್ಲ. ಅದಕ್ಕೇ ಒಂದು ಭಾನುವಾರ ಅವರನ್ನು ಬೈಕಿನಲ್ಲಿ ಗದಗದಿಂದ ಲಕ್ಕುಂಡಿಗೆ ಕರೆದುಕೊಂಡು ಹೋದೆ. ಕಾಶಿವಿಶ್ವೇಶ್ವರ ಗುಡಿಯಲ್ಲಿ ಕಂಬದ ಪಕ್ಕ ನೆರಳಿಗೆ ಕೂರಿಸಿದೆ. ಬೆನ್ನ ಹಿಂದೆ ಹೊರಗಿನ ಬಿಸಿಲು. ತಲೆಗೆ ಬಿಳಿ ಪಟಕ.

ನನ್ನ ಕ್ಯಾಮೆರಾ ನಿಕಾನ್ ಡಿ5600. ಬೆಳಕು ಅಳೆಯುವ ವಿಧಾನ, ಅಂದರೆ ಮೀಟರಿಂಗ್, ಯಾವಾಗಲೂ ಮ್ಯಾಟ್ರಿಕ್ಸ್‌ನಲ್ಲೇ ಇರುತ್ತದೆ. ಅದು ಇಡೀ ಚೌಕಟ್ಟಿನ ಬೆಳಕು ನೋಡುತ್ತದೆ. ಬಿಸಿಲೇ ಜಾಸ್ತಿ ಇದ್ದದ್ದರಿಂದ ಎಕ್ಸ್‌ಪೋಶರ್ (ಫೋಟೋಗೆ ಬಿಡುವ ಬೆಳಕು) ಇಳಿಸಿಬಿಟ್ಟಿತು. ಕಾಕಾಗೆ ಪರದೆ ತೋರಿಸಿದೆ.

'ಮಾರಿ ಎಲ್ಲೈತೋ ತಮ್ಮಾ? ಬರೇ ಪಟಕಾ ಕಾಣಾಕತ್ತೈತಿ' ಅಂದರು ಕಾಕಾ.

ಸ್ಪಾಟ್ ಮೀಟರಿಂಗ್‌ಗೆ ಬದಲಾಯಿಸಿದೆ. ಇದು ಚೌಕಟ್ಟಿನ ಸುಮಾರು 2.5 ಶೇಕಡಾ ಜಾಗವನ್ನಷ್ಟೇ ಅಳೆಯುತ್ತದೆ. ಆದರೂ ಮುಖ ಕಪ್ಪೇ! ಆಮೇಲೆ ಗೊತ್ತಾಯಿತು, ನನ್ನ ಫೋಕಸ್ ಪಾಯಿಂಟ್ (ಕ್ಯಾಮೆರಾ ಫೋಕಸ್ ಮಾಡುವ ಜಾಗದ ಗುರುತು) ಪಟಕದ ಅಂಚಿನ ಮೇಲಿತ್ತು. ಈ ಕ್ಯಾಮೆರಾದಲ್ಲಿ ಸ್ಪಾಟ್ ಆ ಪಾಯಿಂಟಿನ ಜೊತೆಗೇ ಸರಿಯುತ್ತದೆ. ಎಷ್ಟೋ ಕ್ಯಾನನ್ ಕ್ಯಾಮೆರಾಗಳಲ್ಲಿ ನಡುವೆ ಮಾತ್ರ ಅಳೆಯುತ್ತದೆ, ನಿಮ್ಮದು ಯಾವುದು ಅಂತ ಮೊದಲು ನೋಡಿಕೊಳ್ಳಿ.

ಮೀಟರ್‌ಗೆ ಬಿಳಿ, ಕಪ್ಪು ಗೊತ್ತಿಲ್ಲ. ತೋರಿಸಿದ್ದನ್ನೆಲ್ಲ ನಡುಬೂದು ಮಾಡಲು ನೋಡುತ್ತದೆ. ಬಿಳಿ ಪಟಕ ತೋರಿಸಿದರೆ ಅದನ್ನೂ ಬೂದು ಮಾಡುತ್ತದೆ, ಜೊತೆಗೆ ಮುಖವೂ ಕಪ್ಪಾಗುತ್ತದೆ. ಪಾಯಿಂಟನ್ನು ಕಾಕಾನ ಕೆನ್ನೆಗೆ ಇಳಿಸಿದೆ. ನಮ್ಮ ಕಡೆ ಬಿಸಿಲಲ್ಲಿ ದುಡಿದವರ ಮೈಬಣ್ಣ ನಡುಬೂದಿನ ಹತ್ತಿರವೇ ಇರುತ್ತದಲ್ವಾ? ಅಳತೆ ಸಿಕ್ಕಿತು. ಆ ಅಳತೆ ಬದಲಾಗದಂತೆ ಹಿಡಿದಿಡುವ ಎಇ-ಎಲ್ ಬಟನ್ ಒತ್ತಿ ಹಿಡಿದು, ಕಂಬವೂ ಒಳಗೆ ಬರುವಂತೆ ಕ್ಯಾಮೆರಾ ಸರಿಸಿ ಕ್ಲಿಕ್ ಮಾಡಿದೆ. ಕಣ್ಣಿನ ಸುತ್ತಲಿನ ಸುಕ್ಕು, ಮೀಸೆಯ ಒಂದೊಂದು ನರೆಗೂದಲೂ ಬಂತು. ಹಿಂದಿನ ಬಿಸಿಲು ಪೂರ್ತಿ ಬೆಳ್ಳಗಾಯಿತು. ಆಗಲಿ, ನನಗೆ ಬೇಕಿದ್ದದ್ದು ಮುಖ.

ಆಮೇಲೆ ಕಂಬ ಒಂದನ್ನೇ ತೆಗೆದೆ. ಬಳಪದ ಕಲ್ಲು, ತಿರುಗಣೆಗೆ ಕೊಟ್ಟು ನುಣುಪು ಮಾಡಿದ್ದು. ಸ್ಪಾಟ್‌ನಲ್ಲಿ ಬೂದಿ ಬಳಿದ ಹಾಗೆ ಬಂತು. ಮೀಟರ್ ಹೇಳಿದ್ದಕ್ಕಿಂತ ಬೆಳಕು ಹೆಚ್ಚು ಕಡಿಮೆ ಮಾಡುವ ಎಕ್ಸ್‌ಪೋಶರ್ ಕಾಂಪೆನ್ಸೇಶನ್ −1ಕ್ಕೆ ಇಟ್ಟೆ, ಕಲ್ಲಿನ ಕಪ್ಪು ಮಿರುಗು ವಾಪಸ್ ಬಂತು. ಪಟಕದಂಥ ಬಿಳಿ ವಸ್ತುವನ್ನೇ ಅಳೆಯಬೇಕಾದರೆ +1ರಿಂದ ಶುರು ಮಾಡುತ್ತೇನೆ.

ಬಿಸಿಲಲ್ಲಿ ಪರದೆ ನೋಡಿ ತೀರ್ಮಾನ ಮಾಡಬೇಡಿ, ಫೋಟೋದಲ್ಲಿ ಕಪ್ಪು, ಬಿಳಿ ಎಷ್ಟೆಷ್ಟಿದೆ ಎಂದು ತೋರಿಸುವ ಹಿಸ್ಟೋಗ್ರಾಮ್ ನಕ್ಷೆ ನೋಡಿ. ಮತ್ತೆ, ಕೆಲಸ ಮುಗಿದ ತಕ್ಷಣ ಮ್ಯಾಟ್ರಿಕ್ಸ್‌ಗೆ ವಾಪಸ್ ಹಾಕಿ. ನಾನು ಮರೆತು, ಮರುದಿನ ಒಂದು ಮದುವೆಯಲ್ಲಿ ಅರ್ಧ ಗಂಟೆ ಸ್ಪಾಟ್‌ನಲ್ಲೇ ತೆಗೆದೆ. ಒಂದು ಫೋಟೋ ಬೆಳ್ಳಗೆ, ಇನ್ನೊಂದು ಕರ್ರಗೆ.

ಕಾಕಾನ ಫೋಟೋಗೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ್ದೇವೆ. ಬಂದವರಿಗೆಲ್ಲ ಅವರೇ ಕರೆದು ತೋರಿಸುತ್ತಾರೆ.