ನಮ್ಮಲ್ಲಿ ಪ್ರೋಗ್ರಾಂ ಇರಲ್ಲ, ಆಟ ಮಾತ್ರ

ಮಕ್ಕಳನ್ನು ಸೇರಿಸಿಕೊಂಡು ಏನಾದರೂ ಮಾಡ್ತೀನಿ ಅಂದ ತಕ್ಷಣ ಅಪ್ಪ ಅಮ್ಮಂದಿರು ಕೇಳುವ ಮೊದಲ ಪ್ರಶ್ನೆ: ‘ಕೊನೇ ದಿನ ಪ್ರೋಗ್ರಾಂ ಇರುತ್ತಾ?’ ಬೇಸಿಗೆ ಶಿಬಿರ ಅಂದರೆ ನಮ್ಮ ಕಡೆ ಹಾಗೇ ಆಗಿಬಿಟ್ಟಿದೆ. ಶುರುವಿನಲ್ಲಿ ಸ್ವಲ್ಪ ಆಟ. ಆಮೇಲೆ ಪೂರ್ತಿ ರಿಹರ್ಸಲ್. ಚೆನ್ನಾಗಿ ಮಾತಾಡುವ ನಾಲ್ಕು ಮಕ್ಕಳಿಗೆ ಡೈಲಾಗು, ಉಳಿದವರಿಗೆ ಮರ, ಮೋಡ, ಸೈನಿಕ. ಸಮಾರೋಪದ ಸಂಜೆ ಅತಿಥಿಗಳ ಭಾಷಣ, ಶಾಲು, ಹಾರ, ಮುಂದಿನ ಸಾಲಿನಲ್ಲಿ ಎತ್ತಿ ಹಿಡಿದ ಮೊಬೈಲುಗಳು. ಮುಗೀತು.

ನಾನು ಹೆಗ್ಗೋಡಿನ ನೀನಾಸಂನಲ್ಲಿ ಒಂದು ವರ್ಷ ನಾಟಕ ಕಲಿತವಳು. ಪ್ರದರ್ಶನದ ಮೇಲೆ ನನಗೆ ಸಿಟ್ಟೇನೂ ಇಲ್ಲ. ಆದರೆ ಊರಿನವರು ಒಬ್ಬರಿಗೊಬ್ಬರು ಬೆರೆಯಲಿ, ಬಾಯಿ ಬಿಡದವರು ಬಾಯಿ ಬಿಡಲಿ ಅನ್ನೋದು ಆಸೆಯಾದರೆ ಪ್ರೋಗ್ರಾಂ ಅಡ್ಡ ಬರುತ್ತದೆ. ಚೆನ್ನಾಗಿ ಮಾಡುವವರೇ ಮುಂದೆ ಬರುತ್ತಾರೆ, ಬರದವರು ಇನ್ನಷ್ಟು ಹಿಂದೆ ಸರಿಯುತ್ತಾರೆ. ಹಾಗಾಗಿ ತುಮಕೂರು ಜಿಲ್ಲೆಯ ನಮ್ಮ ಊರಿನಲ್ಲಿ ಭಾನುವಾರದ ಕೂಟ ಶುರು ಮಾಡಿದಾಗ ಒಂದೇ ನಿಯಮ ಹಾಕಿದೆ. ನೋಡೋಕೆ ಅಂತ ಯಾರೂ ಬರೋ ಹಾಗಿಲ್ಲ. ಬಂದವರು ಆಡಬೇಕು.

ಜಾಗ ಪಂಚಾಯಿತಿ ಗ್ರಂಥಾಲಯದ ಮುಂದಿನ ಅಂಗಳ. ಈಗ ಅದಕ್ಕೆ ಅರಿವು ಕೇಂದ್ರ ಅಂತ ಹೆಸರು. ಶಾಲೆಯ ಮೈದಾನ ಬೇಡ ಅಂದುಕೊಂಡೆ. ಅಲ್ಲಿ ಕಾಲಿಟ್ಟ ಕೂಡಲೇ ಮಕ್ಕಳು ತಾವಾಗಿಯೇ ಸಾಲು ನಿಲ್ಲುತ್ತಾರೆ. ದೇವಸ್ಥಾನದ ಅಂಗಳ ದೊಡ್ಡದು, ನೆರಳೂ ಇದೆ. ಆದರೆ ಎಲ್ಲ ಕೇರಿಯವರೂ ಅಲ್ಲಿಗೆ ಒಂದೇ ಧೈರ್ಯದಲ್ಲಿ ಬರುವುದಿಲ್ಲ. ಗ್ರಂಥಾಲಯಕ್ಕೆ ಆ ಕಾಟ ಇಲ್ಲ, ಅದು ಯಾರ ಮನೆತನದ್ದೂ ಅಲ್ಲ. ಜಾಗ ಸರಿಯಾಗಿ ಆರಿಸಿಕೊಂಡರೆ ಅರ್ಧ ಕೆಲಸ ಆದ ಹಾಗೆ.

ಶುರು ಮಾಡಿದ್ದು ಚೌಕಾಬಾರದಿಂದ. ದೊಡ್ಡವರನ್ನು ಕೂರಿಸಬೇಕಿತ್ತಲ್ಲ. ಐವತ್ತು ದಾಟಿದ ಹೆಂಗಸರನ್ನು ‘ಬನ್ನಿ, ನಾಟಕದ ಆಟ ಆಡೋಣ’ ಅಂತ ಕರೆದರೆ ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಾರೆ. ಅದೇ ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದು ಸಾಲು, ಸಾಲಿಗೆ ಐದು ಮನೆ ಗೀಚಿ ಸುಮ್ನೆ ಕೂತರೆ ತಾವೇ ಹತ್ತಿರ ಬಂದು ‘ಅಯ್ಯೋ, ಹಂಗಲ್ಲ ಕಣವ್ವ, ಕಟ್ಟೆ ಎಲ್ಲಿ ಹಾಕಿದ್ದೀಯ?’ ಅಂತ ಸೀಮೆಸುಣ್ಣ ಕಿತ್ತುಕೊಳ್ಳುತ್ತಾರೆ. ಕಿತ್ತುಕೊಳ್ಳಲಿ ಅಂತಲೇ ನಾನು ತಪ್ಪು ಗೀಚಿರುತ್ತೇನೆ.

ಕವಡೆ ಕೊಳ್ಳಲಿಲ್ಲ. ಹುಣಸೆ ಬೀಜ ತಂದು ಒಂದು ಮಗ್ಗುಲು ಮಾತ್ರ ಕಲ್ಲಿಗೆ ಉಜ್ಜಿದೆವು. ಕಪ್ಪು ಸಿಪ್ಪೆ ಹೋಗಿ ಬಿಳಿ ಕಾಣುವವರೆಗೆ ಉಜ್ಜಬೇಕು. ಉಜ್ಜಿದಂತೆಲ್ಲ ಬೀಜ ಬಿಸಿಯಾಗುತ್ತದೆ. ಅದನ್ನು ಪಕ್ಕದವರ ತೋಳಿಗೆ ಚುರ್ ಅಂತ ಮುಟ್ಟಿಸೋದನ್ನು ಯಾವ ಮಕ್ಕಳಿಗೂ ಹೇಳಿಕೊಡಬೇಕಾಗಿಲ್ಲ. ನಾಲ್ಕು ಬೀಜ ಎಸೆದಾಗ ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕೂ ಕಪ್ಪಾದರೆ ಎಂಟು. ಒಬ್ಬರದಾದರೂ ಕಾಯಿ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ. ನಡುಮನೆ ಸೇರಿದ ಕಾಯಿ ಹಣ್ಣು.

ಇಲ್ಲಿಯವರೆಗೆ ಎಲ್ಲರೂ ಒಪ್ಪುತ್ತಾರೆ. ಆಮೇಲೆ ಜಗಳ. ಎರಡು ಕಾಯಿ ಒಂದೇ ಮನೆಯಲ್ಲಿ ಕೂತರೆ ಗಟ್ಟಿಯೋ ಅಲ್ಲವೋ? ಕಾಯಿ ಹೊಡೆದವರು ಇನ್ನೊಂದು ಸಲ ಹಾಕಬಹುದಾ? ಮೇಲಿಂದ ಮೇಲೆ ಚೌಕ ಬಿದ್ದರೆ ಲೆಕ್ಕಕ್ಕಿದೆಯಾ? ತವರಿನ ಕಾನೂನು ಬೇರೆ, ಗಂಡನ ಮನೆಯ ಕಾನೂನು ಬೇರೆ. ಮಕ್ಕಳು ಮೊಬೈಲಿನ ಲೂಡೋ ಕಾನೂನು ತರುತ್ತಾರೆ. ನಾನು ಬಾಯಿ ಹಾಕುವುದಿಲ್ಲ. ಕಾಲು ಗಂಟೆ ಬೇಕಾದರೂ ನಡೆಯಲಿ. ಏಳನೇ ಕ್ಲಾಸಿನ ಹುಡುಗ ಅರವತ್ತರ ಅಜ್ಜಿಗೆ ‘ನಿಮ್ಮ ರೂಲ್ಸೇ ಯಾಕೆ ಸರಿ, ಹೇಳಿ’ ಅಂತ ಕೇಳುತ್ತಾನೆ. ಅಜ್ಜಿ ಕಾರಣ ಹುಡುಕುತ್ತಾರೆ. ಸಿಗದಿದ್ದರೆ ‘ಇವತ್ತು ನಂದು, ಬರೋ ವಾರ ನಿಂದು’ ಅಂತ ರಾಜಿ. ಮನೆಯಲ್ಲಿ ಇಬ್ಬರ ನಡುವೆ ಇಂಥ ಮಾತು ಎಲ್ಲಿ ನಡೆಯುತ್ತದೆ? ಅಲ್ಲಿ ಅಜ್ಜಿ ಹೇಳಿದ್ದು, ಇವನು ಕೇಳಿದ್ದು, ಅಥವಾ ಕೇಳದೆ ಓಡಿದ್ದು, ಅಷ್ಟೇ ಅಲ್ವಾ.

ಮೈಸೂರಿನಲ್ಲಿ ರಾಮ್ಸನ್ಸ್ ಕಲಾ ಪ್ರತಿಷ್ಠಾನದವರು ‘ಕ್ರೀಡಾ ಕೌಶಲ್ಯ’ ಅಂತ ಹಳೆಯ ಮಣೆ ಆಟಗಳ ಪ್ರದರ್ಶನ ಮಾಡುತ್ತಾರೆ. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ (1794–1868) ಈ ಆಟಗಳ ಹುಚ್ಚು ಎಷ್ಟಿತ್ತು ಅಂದರೆ ಹೊಸ ಆಟಗಳನ್ನೇ ಕಟ್ಟಿದ್ದರು. ಅದರ ಹುರುಪಿನಲ್ಲಿ ನಾನೂ ಅಳಗುಳಿ ಮಣೆ ತಂದೆ. ಎರಡು ಸಾಲು, ಸಾಲಿಗೆ ಏಳು ಗುಳಿ. ಒಳ್ಳೆ ಆಟ. ಆದರೆ ಇಬ್ಬರು ಆಡುತ್ತಾರೆ, ಉಳಿದವರು ನೋಡುತ್ತಾರೆ. ನಮ್ಮ ಕೂಟಕ್ಕೆ ಒದಗಲಿಲ್ಲ.

ಇನ್ನು ಕೈ ಹಿಡಿಯುವ ವಿಚಾರ. ಯಾವ ರಂಗಶಿಬಿರಕ್ಕೆ ಹೋದರೂ ಮೊದಲ ಮಾತು ‘ಎಲ್ಲರೂ ಸುತ್ತ ನಿಂತು ಕೈ ಹಿಡ್ಕೊಳ್ಳಿ’. ಹೇಳುವವರಿಗೆ ಸಲೀಸು. ಊರಿನಲ್ಲಿ ಯಾರ ಕೈ ಯಾರು ಹಿಡಿಯಬಹುದು ಅನ್ನೋದಕ್ಕೆ ಲೆಕ್ಕ ಇದೆ. ಮಕ್ಕಳು ಅಷ್ಟು ನೋಡಲ್ಲ, ದೊಡ್ಡವರು ನೋಡುತ್ತಾರೆ. ಜಾತಿಯದು ಒಂದು, ಗಂಡು ಹೆಣ್ಣಿನದು ಇನ್ನೊಂದು. ಮೊದಲ ದಿನವೇ ಅದನ್ನು ಮುರೀತೀನಿ ಅಂತ ಹೊರಟರೆ ಎರಡನೇ ಭಾನುವಾರ ಅಂಗಳದಲ್ಲಿ ನಾನೊಬ್ಬಳೇ ಇರುತ್ತಿದ್ದೆ. ಹಾಗಾಗಿ ಕೋಲಾಟ ಹಿಡಿದೆ. ಕೋಲು ಕೋಲಿಗೆ ತಾಗುತ್ತದೆ, ಕೈ ಕೈಗೆ ತಾಗುವುದಿಲ್ಲ. ಯಾರಿಗೂ ಮುಜುಗರ ಇಲ್ಲ. ಆದರೆ ಎದುರಿನವರನ್ನು ನೋಡದೆ ಕೋಲು ಹೊಡೆಯೋಕಾಗಲ್ಲ. ಸುತ್ತು ತಿರುಗುತ್ತಾ ಎಲ್ಲರೂ ಎಲ್ಲರಿಗೂ ಎದುರಾಗುತ್ತಾರೆ. ಬೀದಿಯಲ್ಲಿ ಸಿಕ್ಕರೆ ತಲೆ ಬಗ್ಗಿಸಿ ಹೋಗುವವರೂ ಇಲ್ಲಿ ಮುಖ ನೋಡಲೇಬೇಕು. ಇಲ್ಲಾಂದ್ರೆ ಬೆರಳಿಗೆ ಏಟು.

ಊರಿನಲ್ಲಿ ಕೋಲಾಟ ಬಲ್ಲ ಹಿರಿಯರೊಬ್ಬರಿದ್ದಾರೆ. ನಾನು ತಂದ ಕೋಲು ನೋಡಿ ಅವರು ಮೊದಲು ಮಾಡಿದ್ದು ಅವನ್ನು ಪಕ್ಕಕ್ಕೆ ಎಸೆದಿದ್ದು. ಹಸಿ ಕೋಲು ‘ದಬ್’ ಅನ್ನುತ್ತೆ, ಒಣಗಿದ ಗಟ್ಟಿ ಮರದ್ದಾದರೆ ‘ಟಕ್’ ಅನ್ನುತ್ತೆ, ಟಕ್ ಅನ್ನದಿದ್ದರೆ ಕಾಲು ಏಳಲ್ಲ ಅಂದರು. ಹೇಳಿದ್ದು ನಿಜ. ಕೋಲು ಬದಲಾದ ಮೇಲೆ ಕೂತಿದ್ದವರೂ ಎದ್ದರು.

ಅವರ ಹತ್ತಿರವೇ ಜಡೆ ಕೋಲಾಟ ಕಲಿತೆವು. ಮೇಲೆ ಕೊಂಬೆಗೋ ಕಂಬಕ್ಕೋ ಬಣ್ಣದ ಹಗ್ಗ ಕಟ್ಟಿ ಇಳಿಬಿಡಬೇಕು. ನಾವು ಮನೆಗೊಂದು ಹಳೆ ಸೀರೆ ಕೇಳಿ, ಸೀಳಿ ಹೊಸೆದುಕೊಂಡೆವು. ಆಡುವವರು ಸಮ ಸಂಖ್ಯೆಯಲ್ಲಿರಬೇಕು. ಒಬ್ಬೊಬ್ಬರ ಎಡಗೈಯಲ್ಲಿ ಒಂದು ಹಗ್ಗದ ತುದಿ, ಬಲಗೈಯಲ್ಲಿ ಕೋಲು. ಅರ್ಧ ಜನ ಬಲಕ್ಕೆ ಸುತ್ತುತ್ತಾರೆ, ಅರ್ಧ ಜನ ಎಡಕ್ಕೆ. ಎದುರು ಬಂದ ಮೊದಲನೆಯವರ ಒಳಗಿಂದ, ಎರಡನೆಯವರ ಹೊರಗಿಂದ, ಮತ್ತೆ ಒಳಗಿಂದ. ಕೋಲಿನ ತಾಳ ನಿಲ್ಲಬಾರದು. ಸ್ವಲ್ಪ ಹೊತ್ತಿಗೆ ಮೇಲಿನಿಂದ ಜಡೆ ಹೆಣೆದುಕೊಂಡು ಇಳಿಯುತ್ತದೆ. ನೋಡೋಕೆ ಚೆಂದ ಇದು. ಕಷ್ಟ ಇರೋದು ಆಮೇಲೆ. ಹಾಡು ನಿಲ್ಲಿಸದೆ ಹಾಗೇ ಹಿಂದಕ್ಕೆ ತಿರುಗಿ, ಅದೇ ದಾರಿಯನ್ನು ಉಲ್ಟಾ ನಡೆದು ಜಡೆ ಬಿಚ್ಚಬೇಕು. ಒಳಗೆ ಹೋಗಬೇಕಾದವರು ಒಬ್ಬರೇ ಒಬ್ಬರು ಹೊರಗೆ ಹೋದರೂ ಗಂಟು. ಗಂಟು ಅವರ ಹಗ್ಗದಲ್ಲಿ ಕಾಣಿಸಿಕೊಳ್ಳಲ್ಲ. ಎಲ್ಲೋ ಮೂರನೆಯವರ ಹಗ್ಗ ಬಿಗಿಯುತ್ತದೆ.

ಗಂಟು ಬೀಳಲಿ ಅಂತಲೇ ನಾನು ಕಾಯುತ್ತಿರುತ್ತೇನೆ. ಶುರುವಿನಲ್ಲಿ ಬರೀ ಬೈಗುಳ. ‘ನೀನೇ ತಪ್ಪಿದ್ದು.’ ‘ನಾನಲ್ಲ, ಅವಳು.’ ಆಟ ನಿಲ್ಲಿಸಿ ಎಳೆ ಹಿಡಿದು ನೋಡಿಕೊಂಡು ಹೋದರೆ ಎಷ್ಟೋ ಸಲ ಜೋರಾಗಿ ಬೈದವರದೇ ಹಗ್ಗ. ಇದು ಕೆಲವು ಸಲ ಆದ ಮೇಲೆ ಬೈಯೋದು ಕಮ್ಮಿಯಾಯಿತು. ಹೈಸ್ಕೂಲಿನ ಹುಡುಗಿಯೊಬ್ಬಳು ಉಪಾಯ ಹೇಳಿದಳು: ದಾಟುವಾಗ ‘ಒಳಗೆ’, ‘ಹೊರಗೆ’ ಅಂತ ಒಬ್ಬರಿಗೊಬ್ಬರು ಹೇಳಿಕೊಳ್ಳೋಣ. ಹಾಡು ಕೆಡುತ್ತೆ ಅಂತ ಹಿರಿಯರು ಒಪ್ಪಲಿಲ್ಲ. ಅವಳು ಬಿಡಲಿಲ್ಲ, ‘ಒಳಗೆ ಹೊರಗೆ’ಯನ್ನೇ ಹಾಡಿನ ಪಲ್ಲವಿ ಮಾಡಿ ತಂದಳು. ಈಗ ಅದನ್ನೇ ಹಾಡುತ್ತೇವೆ. ಹಿರಿಯರು ಕೂಡ. ಇಷ್ಟರ ನಡುವೆ, ಗಂಟು ಬಿಚ್ಚುವ ಗಡಿಬಿಡಿಯಲ್ಲಿ ಯಾರ ಕೈ ಯಾರ ಕೈಯಲ್ಲಿತ್ತು ಅಂತ ಒಬ್ಬರೂ ನೋಡಿಕೊಳ್ಳಲಿಲ್ಲ.

ನಾಟಕಕ್ಕೆ ಬಂದಿದ್ದು ಇದೆಲ್ಲ ಆದ ಮೇಲೆ. ನಮ್ಮ ಸೀಮೆಯಲ್ಲಿ ನಾಟಕದ ಹುಚ್ಚಿಗೆ ಬರ ಇಲ್ಲ. ಗುಬ್ಬಿ ಕಂಪನಿ 1884ರಲ್ಲಿ ಹುಟ್ಟಿದ ನೆಲ. ಇವತ್ತಿಗೂ ಕುರುಕ್ಷೇತ್ರ ನಾಟಕ ಅಂದರೆ ಬೆಳಗಿನ ಜಾವದವರೆಗೆ ಕೂರುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಹಾಡು ಮಾತು ಕಲಿಸುತ್ತಾರೆ, ಸೀನರಿ ಬಾಡಿಗೆಗೆ ಬರುತ್ತದೆ. ಆದರೆ ಪಾತ್ರಕ್ಕೆ ದುಡ್ಡು ಕಟ್ಟಬೇಕು. ಕೃಷ್ಣ, ದುರ್ಯೋಧನನಿಗೆ ಜಾಸ್ತಿ, ಸಣ್ಣ ಪಾತ್ರಕ್ಕೆ ಕಮ್ಮಿ. ಹೆಣ್ಣು ಪಾತ್ರಗಳಿಗೆ ಹೊರಗಿನಿಂದ ಕಲಾವಿದೆಯರು ಸಂಭಾವನೆಗೆ ಬರುತ್ತಾರೆ. ಊರಿನ ಹೆಂಗಸರು ಚಾಪೆ ಹಾಸಿಕೊಂಡು ನೋಡುತ್ತಾರೆ. ಆ ನಾಟಕ ನನಗೂ ಇಷ್ಟ, ತಪ್ಪಿಸಿಕೊಳ್ಳಲ್ಲ. ಕೂಟಕ್ಕೆ ಬೇಕಿದ್ದವರು ಮಾತ್ರ ಚಾಪೆಯ ಮೇಲಿದ್ದರು.

ಬ್ರೆಜಿಲ್‌ನ ಅಗಸ್ಟೋ ಬೋಆಲ್ (1931–2009) 1970ರ ದಶಕದಲ್ಲಿ ಬೆಳೆಸಿದ ಫೋರಂ ಥಿಯೇಟರ್ ಇದಕ್ಕೆ ಹೊಂದಿತು. ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ಜನ ಸಂಸ್ಕೃತಿ ತಂಡ ಇದನ್ನು ಬಹಳ ವರ್ಷಗಳಿಂದ ಮಾಡಿಕೊಂಡು ಬಂದಿದೆ. ಐದಾರು ನಿಮಿಷದ ನಾಟಕ, ಕೊನೆಗೆ ಮುಖ್ಯ ಪಾತ್ರಕ್ಕೆ ಸೋಲು. ಅದನ್ನೇ ಎರಡನೇ ಸಲ ಆಡುತ್ತಾರೆ. ಈ ಸಲ ಕೂತವರಲ್ಲಿ ಯಾರು ಬೇಕಾದರೂ ‘ನಿಲ್ಸಿ’ ಅಂತ ಕೂಗಿ, ಸೋತ ಪಾತ್ರದ ಜಾಗಕ್ಕೆ ಬಂದು ಬೇರೆ ದಾರಿ ಹುಡುಕಬಹುದು. ಎದುರಾಳಿ ಪಾತ್ರದವರು ಸುಲಭಕ್ಕೆ ಬಿಟ್ಟುಕೊಡಬಾರದು. ನಡೆಸಿಕೊಡುವವರು ಸರಿ ತಪ್ಪು ಹೇಳಬಾರದು, ‘ಇದು ನಮ್ಮೂರಲ್ಲಿ ನಡೆಯುತ್ತಾ?’ ಅಂತ ಎಲ್ಲರನ್ನೂ ಕೇಳಬೇಕು, ಅಷ್ಟೇ. ಇದು ಹೇಳಿದಷ್ಟು ಸುಲಭ ಅಲ್ಲ. ಮೇಷ್ಟ್ರ ಹಾಗೆ ತೀರ್ಪು ಕೊಡೋಕೆ ನಾಲಿಗೆ ತುರಿಸುತ್ತಿರುತ್ತದೆ.

ಮಕ್ಕಳು ಕಟ್ಟಿದ ಕಥೆ ಇದು. ಹುಡುಗಿ ಎಸ್ಸೆಸ್ಸೆಲ್ಸಿ ಪಾಸು. ಪಿಯು ಕಾಲೇಜಿಗೆ ಬಸ್ಸಿನಲ್ಲಿ ಹೋಗಬೇಕು. ಸಂಜೆ ಬಸ್ ಇಳಿದು ಊರಿಗೆ ಕತ್ತಲಲ್ಲಿ ನಡೆಯಬೇಕು. ಅಪ್ಪ ‘ಓದಿದ್ದು ಸಾಕು’ ಅನ್ನುತ್ತಾನೆ. ಅಳುತ್ತಾಳೆ, ಸೋಲುತ್ತಾಳೆ. ಎರಡನೇ ಸಲ ಒಬ್ಬ ಹುಡುಗ ‘ನಿಲ್ಸಿ’ ಅಂತ ಬಂದು, ಮಗಳಾಗಿ, ಅಪ್ಪನ ಮೇಲೆ ಕೂಗಾಡಿದ. ಹೆಗಲಿಗೆ ಟವೆಲ್ ಹಾಕಿಕೊಂಡಿದ್ದ ಅಪ್ಪ ಇನ್ನೂ ಜೋರಾಗಿ ಕೂಗಿದ. ಮುಗೀತು. ಒಬ್ಬಳು ಓಡಿ ಹೋಗ್ತೀನಿ ಅಂದಳು. ‘ನಡೆಯಲ್ಲ’ ಅಂತ ಎಲ್ಲರೂ ನಕ್ಕರು.

ಆಗ ಚೌಕಾಬಾರದವರೊಬ್ಬರು ಎದ್ದರು. ಅವರು ಮಗಳ ಜಾಗಕ್ಕೆ ಹೋಗಲಿಲ್ಲ. ಒಲೆಯ ಮುಂದೆ ಕೂತಿದ್ದ ಅಮ್ಮನನ್ನು ಎಬ್ಬಿಸಿ ಅಲ್ಲಿ ಕೂತರು. ಮಕ್ಕಳ ನಾಟಕದಲ್ಲಿ ಅಮ್ಮನಿಗೆ ಒಂದು ಮಾತೂ ಇರಲಿಲ್ಲ. ಅಪ್ಪನ ಕಡೆ ಇವರು ತಿರುಗಿಯೂ ನೋಡಲಿಲ್ಲ. ನಮ್ಮ ಕಡೆ ತಿರುಗಿ, ‘ನಿನ್ ಮಗಳು ಹೋಗ್ತಾಳೇನೇ? ನಿಂದು?’ ಅಂತ ನಿಜವಾದ ಹೆಂಗಸರನ್ನೇ ಕೇಳಿದರು. ಮೂರು ಕೈ ಎದ್ದವು. ‘ನಾಕು ಜನ ಆಯ್ತು. ದಿನಕ್ಕೊಬ್ಬರು ಬಸ್‌ಸ್ಟ್ಯಾಂಡಿಗೆ ಹೋಗಿ ಕರ್ಕಂಡು ಬರಾದು. ಸೋಮವಾರ ನಾನು.’ ಟವೆಲ್ಲಿನ ಅಪ್ಪನಿಗೆ ಏನು ಹೇಳಬೇಕೋ ಗೊತ್ತಾಗಲಿಲ್ಲ. ನನ್ನ ಮುಖ ನೋಡಿದ. ನಾನು ಬೇರೆ ಕಡೆ ನೋಡಿದೆ.

ಕಾಲೇಜು ಶುರುವಾದ ಮೇಲೆ ಆ ಸರದಿ ನಿಜವಾಗಿಯೂ ನಡೆಯಿತು. ವರ್ಷಕ್ಕೊಮ್ಮೆ ಪಂಚಾಯಿತಿಯಲ್ಲಿ ಮಕ್ಕಳ ಗ್ರಾಮ ಸಭೆ ನಡೆಯುತ್ತದಲ್ಲ, ಅಲ್ಲಿ ‘ಒಳಗೆ ಹೊರಗೆ’ ಹುಡುಗಿ ಎದ್ದು ನಿಂತು ದೀಪದ ವಿಚಾರ, ಬಸ್ಸಿನ ಸಮಯದ ವಿಚಾರ ಎರಡನ್ನೂ ಎತ್ತಿದಳು. ಬೇಗ ಮುಗಿಸಮ್ಮ ಅಂದರೂ ಮುಗಿಸಲಿಲ್ಲ. ದಾರಿಗೆ ದೀಪ ಬಂತು. ಬಸ್ಸಿನ ಸಮಯ ಹಾಗೇ ಇದೆ.

ಆತ್ಮವಿಶ್ವಾಸ ಬೆಳೆಯಿತು ಅಂತ ವರದಿ ಬರೆಯೋದು ಸುಲಭ. ನಾನು ನೋಡೋದು ಸಣ್ಣ ಸಂಗತಿಗಳನ್ನು. ಕಾಯಿ ಹೊಡೆಸಿಕೊಂಡರೆ ಕಾಲಿನಲ್ಲಿ ಮಣೆ ಅಳಿಸಿ ಎದ್ದು ಹೋಗುತ್ತಿದ್ದ ಹುಡುಗ ಒಬ್ಬನಿದ್ದ. ಈಗಲೂ ಎದ್ದು ಹೋಗುತ್ತಾನೆ. ಆದರೆ ಮಣೆ ಅಳಿಸಲ್ಲ. ನನಗೆ ಅಷ್ಟು ಸಾಕು.

ನಿಮ್ಮೂರಲ್ಲಿ ಮಾಡೋದಾದರೆ ಒಂದೆರಡು ಮಾತು. ರಾಗಿ ಕೊಯ್ಲಿನ ಕಾಲದಲ್ಲಿ ಕೂಟ ನಿಲ್ಲಿಸಿಬಿಡಿ, ಯಾರೂ ಬರಲ್ಲ, ಬರಲಿಲ್ಲ ಅಂತ ಬೇಜಾರೂ ಬೇಡ. ಖರ್ಚು ಅಂದರೆ ಕೋಲು, ಸೀಮೆಸುಣ್ಣ, ಕೊನೆಯಲ್ಲಿ ಹಂಚೋಕೆ ಕಡ್ಲೆಪುರಿ. ಪ್ರಾಯೋಜಕರು ಬೇಡ. ಅವರು ಬಂದರೆ ಬ್ಯಾನರ್ ಬರುತ್ತದೆ, ಬ್ಯಾನರ್ ಕಟ್ಟಿದರೆ ಅದರ ಮುಂದೆ ನಿಲ್ಲೋಕೆ ಅತಿಥಿ ಬೇಕು, ಅತಿಥಿ ಬಂದರೆ ಅವರಿಗೆ ಏನಾದರೂ ತೋರಿಸಬೇಕು. ಫೋಟೋ ಕೂಡ ಬೇಡ. ಕ್ಯಾಮೆರಾ ಎತ್ತಿದ ಕೂಡಲೇ ಹೆಂಗಸರು ಸೆರಗು ಸರಿಮಾಡಿಕೊಂಡು ನೆಟ್ಟಗಾಗುತ್ತಾರೆ.

ಇನ್ನೂ ಕೈಗೆ ಸಿಗದವರು ಹದಿನೆಂಟು ದಾಟಿದ ಹುಡುಗರು. ಭಾನುವಾರ ಅವರಿಗೆ ಟೆನಿಸ್ ಬಾಲ್ ಕ್ರಿಕೆಟ್ಟು. ಕರೆದರೆ ನಕ್ಕು ಹೋಗುತ್ತಾರೆ. ಜಡೆ ಕೋಲಾಟ ಇದ್ದ ದಿನ ಮಾತ್ರ ಇಬ್ಬರು ಬಂದು ಬೇವಿನ ಮರ ಹತ್ತಿ ಹಗ್ಗ ಕಟ್ಟಿಕೊಡುತ್ತಾರೆ. ಅವರಲ್ಲಿ ಒಬ್ಬ ಮೊನ್ನೆ ಇಳಿದವನೇ, ‘ನಾನು ಆರ್ಕೆಸ್ಟ್ರಾದಲ್ಲಿ ರಿದಂ ಪ್ಯಾಡ್ ಬಾರಿಸ್ತೀನಿ ಅಕ್ಕಾ, ತರಲಾ?’ ಅಂದ. ತಾ ಅಂದಿದ್ದೇನೆ. ಕೋಲಾಟದ ಹಿರಿಯರನ್ನು ಒಪ್ಪಿಸೋದು ಈ ವಾರದ ಕೆಲಸ.