ಎರಡನೇ ಶನಿವಾರದ ಊಟ: ನಮ್ಮ ಸಭೆಯವರು, ನನ್ನ ತಮ್ಮ, ಅವನ ಗೆಳೆಯರು

2013ರ ಡಿಸೆಂಬರ್ 11ರ ರಾತ್ರಿ ನನ್ನ ತಮ್ಮ ಫೋನ್ ಮಾಡಿ, "ಅಕ್ಕಾ, ಇವತ್ತಿಂದ ನಾನು ಮತ್ತೆ ಅಪರಾಧಿ" ಅಂದ. ಆ ದಿನ ಸುಪ್ರೀಂ ಕೋರ್ಟು, ದೆಹಲಿ ಹೈಕೋರ್ಟ್ 2009ರಲ್ಲಿ ಕೊಟ್ಟಿದ್ದ ತೀರ್ಪನ್ನು ರದ್ದು ಮಾಡಿ, ಸಲಿಂಗಿಗಳ ಸಂಬಂಧವನ್ನು ಅಪರಾಧ ಅನ್ನುವ 377ನೇ ಸೆಕ್ಷನ್ನಿಗೆ ಮತ್ತೆ ಜೀವ ಕೊಟ್ಟಿತ್ತು. ಅವನು ಏನು ಹೇಳ್ತಿದ್ದಾನೆ ಅಂತ ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ತಿಳಿದ ಮೇಲೆ ಮೊದಲು ಕೇಳಿದ್ದು, "ಅವ್ವಗ ಗೊತ್ತದನು?" ಅಂತ. ನೀನು ಹೇಗಿದ್ದೀಯಪ್ಪ ಅಂತ ಕೇಳಲಿಲ್ಲ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ನಮ್ಮದು ಹುಬ್ಬಳ್ಳಿ ಕಡೆಯ ಪ್ರಾಟೆಸ್ಟೆಂಟ್ ಮನೆತನ, ಬಾಸೆಲ್ ಮಿಷನ್ ಕಾಲದ್ದು. ಮದುವೆಯಾಗಿ ಬೆಂಗಳೂರಿಗೆ ಬಂದ ಮೇಲೆ ಇಲ್ಲಿನ ಒಂದು ಕನ್ನಡ ಸಭೆಗೆ, ಅಂದರೆ ಚರ್ಚಿಗೆ, ಸೇರಿದೆ. ಭಾನುವಾರ ಆರಾಧನೆ, ಬುಧವಾರ ಹೆಂಗಸರ ಪ್ರಾರ್ಥನಾ ಕೂಟ, ವರ್ಷಕ್ಕೊಮ್ಮೆ ಉಜ್ಜೀವನ ಕೂಟ. ಸತ್ಯವೇದದಲ್ಲಿ (ಬೈಬಲಿನಲ್ಲಿ) ಬರೆದಿದ್ದನ್ನು ಬರೆದ ಹಾಗೇ ನಂಬುವ ಜನ ನಾವು. ಸಂಡೇ ಸ್ಕೂಲಿನಲ್ಲಿ ಹದಿನೈದು ವರ್ಷ ಪಾಠ ಮಾಡಿದ್ದೇನೆ. ಗಂಡು ಗಂಡಿನ ಸಂಬಂಧದ ಪಾಪಕ್ಕೆ ದೇವರು ಬೆಂಕಿ ಸುರಿಸಿ ಸುಟ್ಟ ಊರುಗಳು ಅಂತ ನಮ್ಮಲ್ಲಿ ಹೇಳುವ ಸೊದೋಮ್ ಗೊಮೋರದ ಪಾಠವನ್ನೂ ಮಾಡಿದ್ದೇನೆ, ಮಕ್ಕಳು ಹೆದರುವ ಹಾಗೆ. ಆ ಮಕ್ಕಳಲ್ಲಿ ಎಷ್ಟು ಜನ ನನ್ನ ತಮ್ಮನ ಥರದವರು ಇದ್ದರೋ.

ಆಮೇಲೆ ಮನೆಯಲ್ಲಿ ಒಂದು ಊಟ ಶುರು ಮಾಡಿದೆ. ಸಭೆಯ ಕೆಲವರು, ತಮ್ಮನ ಗೆಳೆಯರಲ್ಲಿ ಕೆಲವರು, ಪ್ರತಿ ತಿಂಗಳ ಎರಡನೇ ಶನಿವಾರ. ಹತ್ತು ವರ್ಷ ದಾಟಿದೆ. ಹೇಗೆ ಮಾಡಿದ್ರಿ ಅಂತ ತುಂಬಾ ಜನ ಕೇಳ್ತಾರೆ, ಜಾಸ್ತಿ ಕೇಳೋದು ಅಮ್ಮಂದಿರು. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲ ಊಟ ಪೂರ್ತಿ ಕೆಟ್ಟಿತು. 2014ರ ಮಾರ್ಚ್. ಸತ್ಯವೇದದ ವಚನಕ್ಕೆ ವಚನ ಕೊಟ್ಟರೆ ಒಪ್ಪುತ್ತಾರೆ ಅನ್ನೋ ಹುಮ್ಮಸ್ಸಿನಲ್ಲಿ ನಾನು ಎರಡು ಪುಟ ಟೈಪ್ ಮಾಡಿಸಿ, ಜೆರಾಕ್ಸ್ ತೆಗೆಸಿ, ಒಂದೊಂದು ತಟ್ಟೆಯ ಪಕ್ಕ ಇಟ್ಟಿದ್ದೆ. ಸೊದೋಮಿನ ದೋಷ ಗರ್ವ, ಹೊಟ್ಟೆ ತುಂಬಿದ ಸುಖ, ಬಡವರಿಗೆ ಕೈ ನೀಡದಿದ್ದದ್ದು ಅಂತ ಯೆಹೆಜ್ಕೇಲ 16:49ರಲ್ಲಿ ಇದೆಯಲ್ಲ, ಅದೇ ಮೊದಲ ಸಾಲು. ಕೂತು ಇಪ್ಪತ್ತು ನಿಮಿಷ ಆಗಿರಲಿಲ್ಲ. ಒಬ್ಬ ಹಿರಿಯರು ಯಾಜಕಕಾಂಡ 20 ತೆಗೆದು, ಗಂಡು ಗಂಡನ್ನು ಕೂಡುವುದರ ಬಗ್ಗೆ ಇರುವ ಮಾತನ್ನು ಗಟ್ಟಿಯಾಗಿ ಓದಿದರು. "ಮರಣಶಿಕ್ಷೆ" ಅನ್ನೋ ಮಾತು ಬಂದಾಗ ತಮ್ಮನ ಗೆಳೆಯರಲ್ಲಿ ಎಲ್ಲರಿಗಿಂತ ಚಿಕ್ಕವನು, ಇಪ್ಪತ್ತೆರಡು ವರ್ಷ ಇರಬೇಕು, ಸುಮ್ನೆ ಎದ್ದು ಹೊರಗೆ ಹೋದ. ಹಿಂದೆ ಹೋದೆ. ಮೆಟ್ಟಿಲ ಮೇಲೆ ಕೂತು ಶೂ ಲೇಸ್ ಕಟ್ಟುತ್ತಿದ್ದ. ಬೆರಳು ನಡುಗಿ ಗಂಟು ನಿಲ್ಲುತ್ತಿರಲಿಲ್ಲ, ಮತ್ತೆ ಬಿಚ್ಚೋದು, ಮತ್ತೆ ಕಟ್ಟೋದು. "ಆಂಟಿ, ಈ ವಚನ ನನಗೆ ಬಾಯಿಪಾಠ. ನಮ್ಮಪ್ಪ ಬೆಲ್ಟ್ ಹಿಡ್ಕೊಂಡು ಹೇಳಿಕೊಟ್ಟಿದ್ದು" ಅಂದ. ಒಳಗೆ ಅವನ ತಟ್ಟೆಯಲ್ಲಿ ಪುಲಾವ್ ಹಾಗೇ ಇತ್ತು.

ಅಲ್ಲಿಂದ ಎಂಟು ತಿಂಗಳು ಎರಡೂ ಕಡೆಯವರನ್ನು ಸೇರಿಸಲೇ ಇಲ್ಲ. ಈ ಭಾಗವನ್ನು ಎಲ್ಲರೂ ಬಿಟ್ಟುಬಿಡುತ್ತಾರೆ, ನೇರ ಊಟಕ್ಕೇ ಕರೆಯುತ್ತಾರೆ, ದಯವಿಟ್ಟು ಹಾಗೆ ಮಾಡಬೇಡಿ. ನಾನು ಒಂದು ನೋಟ್‌ಬುಕ್ ಇಟ್ಟುಕೊಂಡು ಒಬ್ಬೊಬ್ಬರ ಮನೆಗೆ ಹೋಗಿ ಕೂತೆ. ತಮ್ಮನ ಗೆಳೆಯರನ್ನು ಕೇಳಿದ್ದು, ಚರ್ಚಿನಲ್ಲಿ ನಿಮಗೆ ಏನಾಯಿತು? ಸಭೆಯವರನ್ನು ಕೇಳಿದ್ದು, ನಿಮಗೆ ಯಾವುದರ ಭಯ? ಭಯ ಅಂತಲೇ ಕೇಳಿದೆ. ಅಭಿಪ್ರಾಯ ಕೇಳಿದರೆ ಭಾನುವಾರದ ಪ್ರಸಂಗವನ್ನೇ ತಿರುಗಿಸಿ ಹೇಳುತ್ತಾರೆ, ಭಯ ಕೇಳಿದರೆ ತಮ್ಮ ಸ್ವಂತ ಮಾತು ಬರುತ್ತದೆ. ಒಬ್ಬ ಹಿರಿಯರು, "ನ್ಯಾಯತೀರ್ಪಿನ ದಿನ ಕರ್ತನು ನನ್ನನ್ನು ಕೇಳ್ತಾನಮ್ಮ, ನಿನಗೆ ಗೊತ್ತಿದ್ದೂ ಯಾಕೆ ಎಚ್ಚರಿಸಲಿಲ್ಲ ಅಂತ" ಅಂದರು. ಹೇಳುವಾಗ ಕಣ್ಣು ಒದ್ದೆಯಾಗಿತ್ತು. ಅದು ದ್ವೇಷ ಅಲ್ಲ. ಅವರ ಅನುಮತಿ ಕೇಳಿ ಆ ಸಾಲನ್ನು ತಮ್ಮನಿಗೆ ಓದಿದೆ. ಬಹಳ ಹೊತ್ತು ಸುಮ್ಮನಿದ್ದ. "ಅವರು ನನಗೆ ಹೆದರ್ತಿದಾರೆ ಅಂದ್ಕೊಂಡಿದ್ದೆ, ನನಗೋಸ್ಕರ ಹೆದರ್ತಿದಾರೆ ಅಂತ ಗೊತ್ತಿರಲಿಲ್ಲ" ಅಂದ. ಹಾಗಂತ ಅವನ ನೋವೇನೂ ಕಡಿಮೆಯಾಗಲಿಲ್ಲ. ಆದರೆ ಮುಂದಿನ ಊಟಕ್ಕೆ ಬರ್ತೀನಿ ಅಂದ.

ಪದಗಳ ಸಮಸ್ಯೆಯೂ ಈ ಓಡಾಟದಲ್ಲೇ ಗೊತ್ತಾಗಿದ್ದು. ನಮ್ಮಲ್ಲಿ ಎಲ್ಲರೂ "ಸಲಿಂಗಕಾಮಿ" ಅಂತಲೇ ಹೇಳೋದು, ಪೇಪರಿನಲ್ಲೂ ಅದೇ. ಆ ಪದದ ಬಾಲದಲ್ಲಿರೋ "ಕಾಮ" ಮಾತ್ರ ನಮ್ಮ ಹಿರಿಯರ ಕಿವಿಗೆ ಬೀಳುತ್ತದೆ. ಇವರು ದಿನವಿಡೀ ಅದನ್ನೇ ಯೋಚಿಸುವ ಜನ ಅನ್ನೋ ಚಿತ್ರ ಬಂದುಬಿಡುತ್ತದೆ. ಬಾಡಿಗೆ ಕಟ್ಟೋದು, ಅವ್ವನ ಶುಗರ್ ಮಾತ್ರೆ ತರೋದು, ಗೆಳೆಯನಿಗೆ ಜ್ವರ ಬಂದರೆ ರಜೆ ಹಾಕೋದು, ಇದು ಯಾವುದೂ ಆ ಪದದೊಳಗೆ ಹಿಡಿಸೋದಿಲ್ಲ. ಇನ್ನೊಂದು ಕಡೆಯವರೂ ನಮ್ಮನ್ನು "ಹಲ್ಲೆಲೂಯ ಗ್ಯಾಂಗ್" ಅನ್ನುತ್ತಿದ್ದರು. ಎರಡೂ ಬೇಡ ಅಂದೆ. ಸಲಿಂಗಿ ಅನ್ನಿ, ಗೇ ಅನ್ನಿ, ಎಲ್ಲಕ್ಕಿಂತ ಒಳ್ಳೇದು ಹೆಸರು ಹಿಡಿದು ಕರೀರಿ.

ನವೆಂಬರಿನಲ್ಲಿ ಮತ್ತೆ ಶುರು ಮಾಡಿದಾಗ ಆರೇ ಜನ, ಮೂವರು ಮೂವರು. ಚರ್ಚಿನ ಹಾಲ್ ಬೇಡ ಅಂತ ಮನೆಯಲ್ಲೇ ಇಟ್ಟುಕೊಂಡೆ, ಚರ್ಚಿನ ಬಾಗಿಲು ದಾಟೋದಕ್ಕೇ ಕೆಲವರಿಗೆ ಎದೆ ಹೊಡೆದುಕೊಳ್ಳುತ್ತದೆ. ಫೋಟೋ ಇಲ್ಲ. ಇಲ್ಲಿ ಯಾರನ್ನು ನೋಡಿದೆ ಅಂತ ಹೊರಗೆ ಹೇಳುವಂತಿಲ್ಲ, ಯಾಕೆಂದರೆ ಒಂದು ಬಾಯಿ ಜಾರಿದರೆ ಒಬ್ಬರ ಕೆಲಸ, ಮನೆ ಎರಡೂ ಹೋಗಬಹುದು. ಊಟ ಮುಗಿಯೋ ತನಕ ವಿಷಯ ಎತ್ತುವಂತಿಲ್ಲ. ಇನ್ನೊಂದು ನಿಯಮವನ್ನು ಒಬ್ಬ ಲೆಸ್ಬಿಯನ್ ಹುಡುಗಿ ಸೇರಿಸಿದಳು. ನಮ್ಮವರಿಗೆ ಸಾಕ್ಷಿ, ಅಂದರೆ ದೇವರು ಬದುಕಿನಲ್ಲಿ ಮಾಡಿದ್ದನ್ನು ಎದ್ದು ಹೇಳೋದು, ಕೇಳೋದು ಅಭ್ಯಾಸ ಅಲ್ವಾ, ಪ್ರತಿ ಸಲ ಅವಳನ್ನು "ನಿನ್ನ ಕಥೆ ಹೇಳಮ್ಮ" ಅನ್ನುತ್ತಿದ್ದರು. ಮೂರನೇ ತಿಂಗಳು ಅವಳು, "ನಾನು ಅತ್ತರೆ ಮಾತ್ರ ನಿಮಗೆ ನಂಬಿಕೆ ಬರುತ್ತೆ ಅಂದ್ರೆ ನಾನು ಬರಲ್ಲ" ಅಂದಳು. ಅವತ್ತಿಂದ ಸಭೆಯವರೂ ತಮ್ಮದನ್ನು ಏನಾದರೂ ಹೇಳಲೇಬೇಕು ಅಂತ ಮಾಡಿದೆ. ಬೆಟಗೇರಿ ಕಡೆಯ ಒಬ್ಬ ಆಂಟಿ ಕುಡುಕ ಗಂಡನ ಜೊತೆ ಕಳೆದ ಮೂವತ್ತು ವರ್ಷದ ಬಗ್ಗೆ ಮಾತಾಡಿದರು. ಪ್ರಾರ್ಥನಾ ಕೂಟದಲ್ಲಿ ಅದನ್ನು ಯಾವತ್ತೂ ಹೇಳಿರಲಿಲ್ಲ. ಆ ಡಿಸೆಂಬರಿನಲ್ಲಿ ಅದೇ ಆಂಟಿ ಕ್ರಿಸ್ಮಸ್ಸಿಗೆ ಕರ್ಜಿಕಾಯಿ ಮಾಡುವಾಗ ಆ ಹುಡುಗಿಯನ್ನು ಮನೆಗೆ ಕರೆದರು. ಅಂಚು ಮಡಿಚೋದು ಹೀಗಲ್ಲ ಹೀಗೆ ಅಂತ ಅವಳ ಬೆರಳು ಹಿಡಿದು ತೋರಿಸುತ್ತಾ, "ನಿಮ್ಮವ್ವ ಫೋನ್ ಮಾಡ್ತಾಳೇನವಾ?" ಅಂದರಂತೆ. ಅವಳು ಇಲ್ಲ ಅಂದಳು. ಆಂಟಿ ಬೇರೇನೂ ಹೇಳಲಿಲ್ಲ, ಒಂದು ಡಬ್ಬಿ ಜಾಸ್ತಿ ಕಟ್ಟಿಕೊಟ್ಟರು.

ವಚನಗಳನ್ನು ಪೂರ್ತಿ ಬದಿಗಿಟ್ಟೆವು ಅಂತಲ್ಲ. ನಮ್ಮ ಜನರಿಗೆ ವಚನ ಇಲ್ಲದೆ ಆಗೋದಿಲ್ಲ. ಆದರೆ ನಾನು ತರೋದು ನಿಲ್ಲಿಸಿದೆ, ಅವರೇ ತರಲಿ ಅಂತ ಬಿಟ್ಟೆ. ಒಂದು ಸಲ ಆ ಯಾಜಕಕಾಂಡದ ಹಿರಿಯರೇ 1 ಕೊರಿಂಥ 6:9 ಓದಲು ಶುರು ಮಾಡಿ "ಪುರುಷಗಾಮಿಗಳು" ಅನ್ನೋ ಪದದ ಹತ್ತಿರ ನಿಲ್ಲಿಸಿದರು. ಅಣ್ಣಾ, ಪಟ್ಟಿ ಮುಗಿದಿಲ್ಲ, ಪೂರ್ತಿ ಓದಿ ಅಂದೆ. ಕಳ್ಳರು, ಲೋಭಿಗಳು, ಕುಡಿಕರು, ಬೈಯುವವರು. ಕನ್ನಡಕ ತೆಗೆದು ಒರೆಸಿಕೊಂಡರು. "ಬೈಯುವವರು ಅಂತ ಇದೆ, ನಾನು ಗಮನಿಸಿರಲಿಲ್ಲ" ಅಂದರು. ಅವರ ನಂಬಿಕೆ ಬದಲಾಗಲಿಲ್ಲ. ನಾಲಿಗೆ ಬದಲಾಯಿತು. ನನಗೆ ಅವತ್ತಿಗೆ ಅಷ್ಟು ಸಾಕಿತ್ತು.

ಕಾನೂನಿನ ವಿಷಯದಲ್ಲೂ ಹೀಗೇ. ಪಾಪ ಅಂತ ನಂಬೋದು ಬೇರೆ, ಅದಕ್ಕಾಗಿ ಜೈಲಿಗೆ ಹಾಕಿ ಅನ್ನೋದು ಬೇರೆ. ಈ ವ್ಯತ್ಯಾಸ ನಮ್ಮ ಹಿರಿಯರಿಗೆ ಬೇಗ ಹಿಡಿಸಿತು. 2013ರ ತೀರ್ಪು ಬಂದಾಗ ಮುಂಬೈನ ಕಾರ್ಡಿನಲ್ ಓಸ್ವಾಲ್ಡ್ ಗ್ರೇಶಿಯಸ್ ಅವರೇ, ಕಥೋಲಿಕ ಸಭೆ ಗೇ ಜನರನ್ನು ಯಾವತ್ತೂ ಅಪರಾಧಿಗಳು ಅಂತ ಎಣಿಸಿಲ್ಲ ಅಂದಿದ್ದರು. 377 ಮೋಶೆಯ ಕಾನೂನಲ್ಲ, ಬ್ರಿಟಿಷರು 1860ರಲ್ಲಿ ಬರೆದದ್ದು ಅಂತ ನೆನಪಿಸಿದಾಗ ಒಬ್ಬರು, "ಅಲ್ವಾ, ನಾವು ಅದನ್ನು ಯಾಕೆ ಕಾಯಬೇಕು" ಅಂದರು. 2018ರ ಸೆಪ್ಟೆಂಬರ್ 6, ಗುರುವಾರ, ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ವಯಸ್ಕರು ಒಪ್ಪಿ ಇಟ್ಟುಕೊಂಡ ಸಲಿಂಗ ಸಂಬಂಧ ಅಪರಾಧವಲ್ಲ ಅಂತ ಒಮ್ಮತದ ತೀರ್ಪು ಕೊಟ್ಟಿತು. ಎರಡು ದಿನಕ್ಕೆ ನಮ್ಮ ಶನಿವಾರ. ಸಭೆಯವರು ಬರುತ್ತಾರೋ ಇಲ್ಲವೋ ಅಂತ ನನಗೆ ಅಳುಕಿತ್ತು. ಬಂದರು. ಒಬ್ಬರು ಜಾಮೂನು ತಂದರು. ಇನ್ನೊಬ್ಬರು ಇಡೀ ಊಟ ಮಾತೇ ಆಡಲಿಲ್ಲ. ಎರಡನ್ನೂ ನೆನಪಿಟ್ಟುಕೊಂಡಿದ್ದೇನೆ.

ಎಲ್ಲಕ್ಕಿಂತ ಗಟ್ಟಿಯಾದ ಕೆಲಸ ಆಗಿದ್ದು ಅಯ್ಯನವರ ಜೊತೆ. ನಮ್ಮ ಸಭಾಪಾಲಕರು ಒಳ್ಳೆಯವರು, ಬಹಳ ಕಟ್ಟುನಿಟ್ಟು. ಯಾರಾದರೂ ಮಗನನ್ನು ಕರೆತಂದರೆ ಬಿಡುಗಡೆ ಪ್ರಾರ್ಥನೆ ಮಾಡುತ್ತಿದ್ದರು, ತಲೆ ಮೇಲೆ ಕೈಯಿಟ್ಟು, ಮೂರು ದಿನ ಉಪವಾಸ. ಸರಿಹೋಗದಿದ್ದರೆ ಮದುವೆ ಮಾಡಿಬಿಡಿ ಅನ್ನುತ್ತಿದ್ದರು. ನನಗೊಂದು ಅಮೆರಿಕದ ಕಿರುಪುಸ್ತಕವನ್ನೂ ಕೊಟ್ಟಿದ್ದರು, ಬದಲಾಗಬಹುದು ಅಂತ ಹೇಳೋದು. ಅಂಥ ಕೆಲಸದಲ್ಲಿ ಅಲ್ಲಿ ಎಲ್ಲರಿಗಿಂತ ದೊಡ್ಡ ಸಂಸ್ಥೆಯಾಗಿದ್ದ ಎಕ್ಸೋಡಸ್ ಇಂಟರ್‌ನ್ಯಾಷನಲ್ 37 ವರ್ಷ ನಡೆದು 2013ರಲ್ಲಿ ಬಾಗಿಲು ಮುಚ್ಚಿತು, ಅದರ ಅಧ್ಯಕ್ಷರೇ ಗೇ ಜನರ ಕ್ಷಮೆ ಕೇಳಿದರು ಅಂತ ಹೇಳಿದೆ. ಕೇಳಿಸಿಕೊಂಡರು, ಅಷ್ಟೇ.

ಅವರನ್ನು ಅಲುಗಾಡಿಸಿದ್ದು ಅವರದೇ ಕೆಲಸ. ನಮ್ಮಲ್ಲಿ ಮದುವೆಗೆ ಮೊದಲು ಮೂರು ಭಾನುವಾರ ಪ್ರಕಟಣೆ ಓದುತ್ತಾರೆ, ಯಾರದಾದರೂ ಆಕ್ಷೇಪಣೆ ಇದ್ದರೆ ತಿಳಿಸಿ ಅಂತ. ಒಂದು ದಿನ ನಾನು ಕೇಳಿದೆ, "ಅಯ್ಯನವರೇ, ಒಬ್ಬ ಹುಡುಗನ ವಿಷಯ ಅವನ ತಾಯಿ ನಿಮ್ಮ ಹತ್ತಿರ ಅತ್ತು ಹೇಳಿಕೊಂಡಿದ್ದಾರೆ ಅಂತಿಟ್ಟುಕೊಳ್ಳಿ. ಅವನ ಪ್ರಕಟಣೆ ಓದುವಾಗ ಆಕ್ಷೇಪಣೆ ಹೇಳಬೇಕಾದವರು ಯಾರು? ಆ ಹುಡುಗಿಗೆ ಏನೂ ಗೊತ್ತಿಲ್ಲವಲ್ಲ?" ಉತ್ತರ ಕೊಡಲಿಲ್ಲ. ವಾರ ಬಿಟ್ಟು ಅವರೇ ಮನೆಗೆ ಬಂದರು. ಅಂಥ ಎರಡು ಮದುವೆ ಮಾಡಿಸಿದ್ದೇನೆ ಅಂದರು. ಒಂದು ಹುಡುಗಿ ತವರಿಗೆ ವಾಪಸ್ ಬಂದಿದ್ದಾಳೆ, ಇನ್ನೊಬ್ಬಳು ಈಗಲೂ ಪ್ರತಿ ಭಾನುವಾರ ಎದುರಿಗೇ ಕೂರುತ್ತಾಳೆ. "ದೇವರ ಸನ್ನಿಧಿಯಲ್ಲಿ ಸುಳ್ಳು ಪ್ರಮಾಣ ಮಾಡಿಸಿದೆನಮ್ಮ" ಅಂದರು. ಕಾಫಿ ತಣ್ಣಗಾಯಿತು, ಇಬ್ಬರೂ ಮುಟ್ಟಲಿಲ್ಲ.

ಮಾನವ ಹಕ್ಕಿನ ಮಾತನ್ನು ನಾನು ಅವರಿಗೆ ವರ್ಷಗಟ್ಟಲೆ ಹೇಳಿದ್ದೆ, ಒಂದಿಂಚು ಸರಿದಿರಲಿಲ್ಲ. ಮದುವೆಯ ಪ್ರಮಾಣ ಪವಿತ್ರ ಅಂತ ಅವರು ನನಗಿಂತ ಆಳವಾಗಿ ನಂಬಿದವರು. ಆ ನಂಬಿಕೆಯೇ ಅವರನ್ನು ಈ ಕಡೆಗೆ ಕರೆತಂದಿತು. ಅದಾದ ಮೇಲೆ ಎರಡು ಮಾತು ಕೊಟ್ಟರು. ಬಿಡುಗಡೆ ಪ್ರಾರ್ಥನೆ ಮಾಡೋದಿಲ್ಲ. ತಂದೆತಾಯಿ ಬಂದರೆ, ಮನೆಯಿಂದ ಹೊರಗೆ ಹಾಕಬೇಡಿ, ಮದುವೆ ಮಾಡಿಸಬೇಡಿ ಅಂತ ಹೇಳುತ್ತೇನೆ. ಸಭೆಯ ಹಿರಿಯರಲ್ಲೇ ಒಬ್ಬರು ಡಾಕ್ಟರ್ ಇದ್ದಾರೆ. ಇಂಥ "ಚಿಕಿತ್ಸೆ" ಕೊಡುವುದು ವೃತ್ತಿ ದುರ್ನಡತೆ ಅಂತ 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೇಳಿದ ಮೇಲೆ ಅವರೇ ಹಿರಿಯರ ಕೂಟದಲ್ಲಿ ಅದನ್ನು ವಿವರಿಸಿದರು. ನಾನು ಹೇಳಿದ್ದರೆ ಅಕ್ಕನ ಕಕ್ಕುಲಾತಿ ಅನ್ನುತ್ತಿದ್ದರು.

ಸಂಧಾನಕ್ಕೆ ಇಳಿಯುವವರಿಗೆ ನಾನು ಬಲವಾಗಿ ಹೇಳೋದು ಇದೊಂದೇ. ಮೊದಲು ಹೊಡೆತ ನಿಲ್ಲಿಸಿ, ಒಪ್ಪಿಗೆಯ ಮಾತು ಆಮೇಲೆ. ಮಕ್ಕಳ ಮೇಲೆ ಬೆಲ್ಟ್, ಉಪವಾಸ, ಬಲವಂತದ ಮದುವೆ ನಡೀತಾ ಇರುವಾಗ ಎರಡೂ ಕಡೆಯವರು ಸಮಾನವಾಗಿ ಕೂತು ಮಾತಾಡೋಣ ಅನ್ನೋದು ನ್ಯಾಯವಲ್ಲ. ಕೂತವರಲ್ಲಿ ಒಬ್ಬರು ಅಭಿಪ್ರಾಯ ಕಳೆದುಕೊಳ್ಳಬಹುದು, ಇನ್ನೊಬ್ಬರು ಜೀವವನ್ನೇ.

ನನಗೂ ಬೆಲೆ ತೆರಬೇಕಾಯಿತು. ಸಂಡೇ ಸ್ಕೂಲ್ ಬಿಡಬೇಕಾಯಿತು, ಮೂರು ಕುಟುಂಬ ನಮ್ಮ ಮನೆಗೆ ಬರೋದು ನಿಲ್ಲಿಸಿದವು. ತಮ್ಮನ ಗೆಳೆಯರಲ್ಲೂ ಒಬ್ಬರು, ನಮ್ಮನ್ನು ಪಾಪಿಗಳು ಅನ್ನೋರ ಜೊತೆ ಅನ್ನ ಹಂಚಿಕೊಳ್ಳಲ್ಲ ಅಂತ ದೂರ ಹೋದರು. ಅವರನ್ನು ತಪ್ಪು ಅನ್ನಲಾರೆ. ಶೂ ಲೇಸಿನ ಹುಡುಗ ಕೂಡ ಮತ್ತೆ ಬರಲಿಲ್ಲ. ಅವನ ನಂಬರ್ ಇದೆ, ಪ್ರತಿ ಕ್ರಿಸ್ಮಸ್ಸಿಗೆ ಒಂದು ಮೆಸೇಜ್ ಕಳಿಸುತ್ತೇನೆ. ಎರಡು ನೀಲಿ ಗೆರೆ ಬರುತ್ತವೆ, ಉತ್ತರ ಬರೋದಿಲ್ಲ.

2023ರ ಡಿಸೆಂಬರಿನಲ್ಲಿ ವ್ಯಾಟಿಕನ್, ಸಲಿಂಗಿ ಜೋಡಿಗಳನ್ನು ಪಾದ್ರಿಗಳು ಆಶೀರ್ವದಿಸಬಹುದು, ಆದರೆ ಮದುವೆಯ ವಿಧಿಯಂತೆ ಅಲ್ಲ ಅಂದಾಗ ನಮ್ಮ ಹುಡುಗರು ಅಯ್ಯನವರನ್ನು ಕೇಳಿದರು. ಅವರು ಇಲ್ಲ ಅಂದರು, ನೇರವಾಗಿ. ನನ್ನ ತಮ್ಮ ಚರ್ಚಿಗೆ ಬರೋದಿಲ್ಲ. ಆದರೆ ಈಗ ಮೂರು ಕ್ರಿಸ್ಮಸ್ಸಿನಿಂದ ಅಯ್ಯನವರೇ ಅವನ ಮನೆಗೆ ಹೋಗಿ ಪ್ರಾರ್ಥನೆ ಮಾಡಿ ಚಹಾ ಕುಡಿದು ಬರುತ್ತಾರೆ. ಬಾಗಿಲು ತೆಗೆಯೋದು ತಮ್ಮನ ಸಂಗಾತಿ. ಅಯ್ಯನವರು ಅವನನ್ನು "ನಿಮ್ಮ ಸ್ನೇಹಿತರು" ಅನ್ನುತ್ತಾರೆ. ಒಂಬತ್ತು ವರ್ಷದಿಂದ ಜೊತೆಗಿದ್ದೀವಿ ಅಕ್ಕಾ, ಸ್ನೇಹಿತ ಅಂದರೆ ಹೊಟ್ಟೆಯಲ್ಲಿ ಕಿವುಚಿದ ಹಾಗಾಗುತ್ತೆ ಅಂತ ತಮ್ಮ ಹೇಳುತ್ತಾನೆ. ಅಯ್ಯನವರಿಗೆ ಹೇಳಿದೆ. "ಇನ್ನೊಂದು ಪದ ನನ್ನ ಬಾಯಿಗೆ ಬರೋದಿಲ್ಲಮ್ಮ, ಸುಳ್ಳು ಹೇಳಲಾರೆ" ಅಂದರು. ಹಾಗಾದರೆ ಅವರನ್ನೂ ಹೆಸರು ಹಿಡಿದು ಕರೀರಿ ಅಂದೆ. ಯೋಚಿಸ್ತೀನಿ ಅಂದಿದ್ದಾರೆ. ಈ ಶನಿವಾರ ಇಬ್ಬರೂ ಊಟಕ್ಕೆ ಬರುತ್ತಿದ್ದಾರೆ, ಬೆಟಗೇರಿ ಆಂಟಿ ಬದನೆಕಾಯಿ ಎಣ್ಣೆಗಾಯಿ ತರ್ತೀನಿ ಅಂದಿದ್ದಾರೆ.