ಬಿಗಿದ ರೆಕ್ಕೆ ಹಾರಲಿಲ್ಲ

ಎಂಟು ತಿಂಗಳ ಹಿಂದೆ ರೆಕ್ಕೆ ಬಡಿದು ಹಾರುವ ಪುಟ್ಟ ರೋಬೋ ಮಾಡಲು ಕೂತೆ. ಮೋಟಾರು, ಬ್ಯಾಟರಿ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಕ್ಕವು. ಕಡ್ಡಿಗೆ ಒಂದು ಮಿಲಿಮೀಟರ್ ದಪ್ಪದ ಕಾರ್ಬನ್ ಫೈಬರ್, ರೆಕ್ಕೆಗೆ ಮೈಲಾರ್ ಅನ್ನೋ ತೆಳ್ಳಗಿನ ಪ್ಲಾಸ್ಟಿಕ್ ಹಾಳೆ. ಎರಡು ಜೊತೆ, ಅಂದರೆ ನಾಲ್ಕು ರೆಕ್ಕೆ. ತುದಿಯಿಂದ ತುದಿಗೆ 28 ಸೆಂ.ಮೀ.

ಮೊದಲನೆಯದು 19 ಗ್ರಾಂ ತೂಗಿತು. ರೆಕ್ಕೆ ಜೋರಾಗಿ ಬಡಿಯಿತು, ನೆಲ ಬಿಟ್ಟು ಏಳಲಿಲ್ಲ. ನಮ್ಮ ಬೀದಿಯ ಅಕ್ಕಸಾಲಿಗರ ತಕ್ಕಡಿಯಲ್ಲಿ ಒಂದೊಂದೇ ಭಾಗ ಇಟ್ಟು ತೂಗಿದೆ. "ಇಷ್ಟು ಹಗುರದ್ದು ಏನಪ್ಪಾ ಇದು?" ಅಂತ ಆಚಾರ್ರು ಬಗ್ಗಿ ನೋಡಿದರು. ಅಂಟೇ ಒಂದು ಗ್ರಾಂಗಿಂತ ಜಾಸ್ತಿ ಇತ್ತು! ಆಮೇಲೆ ಅಂಟನ್ನು ಸೂಜಿ ಮೊನೆಯಲ್ಲಿ ಹಚ್ಚುವುದು ಕಲಿತೆ. ಉಳಿದ ಭಾಗಗಳನ್ನೂ ಹಗುರ ಮಾಡಿದೆ, ತೂಕ 15 ಗ್ರಾಂಗೆ ಇಳಿಯಿತು. ಆದರೂ ಹಾರಲಿಲ್ಲ.

ತಪ್ಪು ಸಿಕ್ಕಿದ್ದು ಮೊಬೈಲಿನಲ್ಲಿ. ಸೆಕೆಂಡಿಗೆ 240 ಚಿತ್ರದ ಸ್ಲೋ ಮೋಷನ್ ಹಾಕಿ ನೋಡಿದೆ. ಒಂದು ಬಡಿತಕ್ಕೆ 18 ಚಿತ್ರ, ಅಂದರೆ ಸೆಕೆಂಡಿಗೆ ಸುಮಾರು 13 ಬಡಿತ. ವೇಗ ಸಾಕಿತ್ತು. ಆದರೆ ಹಾಳೆಯನ್ನು ನಾನು ತಮಟೆ ಚರ್ಮದ ಹಾಗೆ ಬಿಗಿದಿದ್ದೆ. ಎರಡು ರೆಕ್ಕೆ ಚಪ್ಪಾಳೆ ತಟ್ಟಿದಂತೆ ಕೂಡಿ ಬಿಡುವಾಗ ಮುಂದಿನ ಅಂಚು ಮೊದಲು ತೆರೆದುಕೊಳ್ಳಬೇಕು, ಉಳಿದ ಹಾಳೆ ಅಂಟು ಬಿಡಿಸಿದಂತೆ ಹಿಂದೆ ಬರಬೇಕು. ಆ ಸಂದಿಗೆ ಗಾಳಿ ನುಗ್ಗುತ್ತದೆ, ತಳ್ಳುವ ಬಲ ಸಿಗುವುದು ಅಲ್ಲಿ. ಬಿಗಿದ ಹಾಳೆ ಹಾಗೆ ಬಾಗುವುದೇ ಇಲ್ಲ. ಸ್ವಲ್ಪ ಸಡಿಲ ಬಿಟ್ಟು ಮತ್ತೆ ಅಂಟಿಸಿದೆ. ಅವತ್ತು ರಾತ್ರಿ ಹಾಲ್‌ನ ಫ್ಯಾನ್ ಆರಿಸಿ ಅದನ್ನು ಕೈಯಿಂದ ಹಾರಿಬಿಟ್ಟೆ. ಗೋಡೆಯಿಂದ ಗೋಡೆಗೆ ಹೋಗಿ, ತಿರುಗಿ ಬಂದು ನನ್ನ ಕೆನ್ನೆಗೆ ಬಡಿಯಿತು. ಒಂದು ಗೀರೂ ಆಗಲಿಲ್ಲ.

ಇಂಥವನ್ನು ನಂಬಲು ನನಗೆ ಆ ಒಂದು ಏಟೇ ಸಾಕು. ಡ್ರೋನಿನ ಪಂಖ ಆಗಿದ್ದರೆ ಕೆನ್ನೆ ಕುಯ್ಯುತ್ತಿತ್ತು, ಅಲ್ವಾ? ಜನ ಕೆಲಸ ಮಾಡುವ ಪಾಲಿಹೌಸ್, ಅಂದರೆ ಪ್ಲಾಸ್ಟಿಕ್ ಹೊದಿಸಿದ ಬೆಳೆಮನೆಯ ಒಳಗೆ ಇದು ಧೈರ್ಯವಾಗಿ ಓಡಾಡಬಹುದು. ಅಲ್ಲಿ ಗಾಳಿಯ ಕಾಟವೂ ಕಡಿಮೆ. ಟೊಮ್ಯಾಟೊ ಹೂವನ್ನು ಇದು ಅಲುಗಿಸಿದರೆ ಸಾಕು, ಪರಾಗ ಉದುರುತ್ತದೆ. ಜೇನುನೊಣದ ಜಾಗ ಇದು ತುಂಬುತ್ತದೆ ಅಂತ ನಾನು ಹೇಳುವುದಿಲ್ಲ, ಅದು ಆಗಲೂಬಾರದು. ಕುಸಿದ ಕಟ್ಟಡದ ಸಂದಿಗೆ ಕ್ಯಾಮೆರಾ ಕಳಿಸುವುದು ಇನ್ನೊಂದು ಆಸೆ.

ನಿಜವಾಗಿ ನೊಣದಷ್ಟು ಚಿಕ್ಕದಾದರೆ ಕಷ್ಟ ಬ್ಯಾಟರಿಯದು. ಹಾರ್ವರ್ಡ್‌ನ ರೋಬೋಬೀ 2013ರಲ್ಲಿ ಹಾರಿದಾಗ 80 ಮಿಲಿಗ್ರಾಂ ಇತ್ತು, ಸೆಕೆಂಡಿಗೆ 120 ಬಡಿತ. ಕರೆಂಟ್ ಮಾತ್ರ ಹೊರಗಿನಿಂದ ತಂತಿಯಲ್ಲಿ. 2019ರಲ್ಲಿ ಸೋಲಾರ್ ಫಲಕ ಹೊತ್ತುಕೊಂಡು ತಂತಿ ಬಿಟ್ಟು ಹಾರಿದ್ದು ಒಂದು ಸೆಕೆಂಡೂ ಇಲ್ಲ. ಆ ಒಂದು ಸೆಕೆಂಡಿನ ಬೆಲೆ ಮಾಡಿದವರಿಗೇ ಗೊತ್ತು.

ನನ್ನದಕ್ಕೆ ಮೊನ್ನೆಯವರೆಗೂ ಬಾಲವಿತ್ತು. ನೆದರ್ಲೆಂಡ್ಸ್‌ನ ಡೆಲ್ಫ್ಟ್ ವಿಶ್ವವಿದ್ಯಾಲಯದವರ 29 ಗ್ರಾಂ ರೋಬೋ ಡೆಲ್‌ಫ್ಲೈ ನಿಂಬಲ್‌ಗೆ ಬಾಲವೇ ಇಲ್ಲ, ರೆಕ್ಕೆಯನ್ನೇ ಓರೆ ಮಾಡಿ ತಿರುಗುತ್ತದೆ. ನಿನ್ನೆ ನಾನೂ ಬಾಲ ಕಿತ್ತೆ. ಮೂರು ಸಲ ಪಲ್ಟಿ ಹೊಡೆದು ಸೋಫಾ ಮೇಲೆ ಬಿತ್ತು, ಹಲ್ಲುಚಕ್ರ ಒಂದು ಸವೆದಿದೆ. ಶನಿವಾರ ಮತ್ತೆ ಎಸ್.ಪಿ. ರೋಡಿಗೆ ಹೋಗಬೇಕು.